ರಾಣಿಯರ ರಾಜ್ಯಭಾರ: ಹೆಸರು ಯಾರದು, ಅಪ್ಪಣೆ ಯಾರದು?

ಇತಿಹಾಸದ ಸ್ನಾತಕೋತ್ತರ ತರಗತಿಯಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ತನ್ನ ಪ್ರಬಂಧದ ವಿಷಯವನ್ನು ನಿಶ್ಚಯಿಸಿಕೊಳ್ಳುವುದಕ್ಕಾಗಿ ನಮ್ಮಲ್ಲಿಗೆ ಬಂದಿದ್ದಳು. ಹೊಸನಗರ ತಾಲ್ಲೂಕಿನ ಕಡೆಯ ಹುಡುಗಿ. ‘ಕರ್ನಾಟಕದ ವೀರರಾಣಿಯರು’ ಎಂಬ ತಲೆಬರಹವನ್ನು ಅಂದವಾದ ಅಕ್ಷರಗಳಲ್ಲಿ ಬರೆದು ತಂದಿದ್ದಳು. ಈ ವಿಷಯದ ಮೇಲೆ ಸಾಕಷ್ಟು ಬರಹಗಳು ಬಂದಿವೆ, ಮತ್ತೆ ಬರೆಯುವುದರಿಂದ ವಿಶೇಷ ಪ್ರಯೋಜನವೇನು ಎಂದು ಕೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಓದು ಮುಗಿದ ಮೇಲೆ ನಾನು ರಾಜಕೀಯಕ್ಕೆ ಹೋಗಬೇಕೆಂದಿದ್ದೇನೆ. ಮನೆಯಲ್ಲಿ ಯಾರಿಗೂ ಇಷ್ಟವಿಲ್ಲ. ನನ್ನ ಚಿಕ್ಕಮ್ಮ ಒಂದು ಅವಧಿಗೆ ಗ್ರಾಮ ಪಂಚಾಯತಿಯ ಅಧ್ಯಕ್ಷೆಯಾಗಿದ್ದರು. ಫಲಕದ ಮೇಲೆ ಹೆಸರು ಅವರದು. ಕುರ್ಚಿಯಲ್ಲಿ ಕೂರುತ್ತಿದ್ದವರು ಚಿಕ್ಕಪ್ಪ. ಕಾಗದಪತ್ರಗಳು ಸಹಿಗಾಗಿ ಅಡಿಗೆಮನೆಗೆ ಬರುತ್ತಿದ್ದವು. ಹಿಂದಿನ ರಾಣಿಯರೂ ಹೀಗೆಯೇ ಇದ್ದರೇ ಎಂಬುದನ್ನು ತಿಳಿಯಬೇಕಾಗಿದೆ” ಎಂದಳು.

ಈ ಪ್ರಶ್ನೆ ನಮ್ಮ ಇತಿಹಾಸಕಾರರು ಸಾಮಾನ್ಯವಾಗಿ ಕೇಳಿಕೊಂಡಿರುವ ಪ್ರಶ್ನೆಯಲ್ಲ. ರಾಣಿಯರ ಶೌರ್ಯವನ್ನು ನಾವು ಧಾರಾಳವಾಗಿ ಹೊಗಳಿದ್ದೇವೆ. ಪೇಟೆಯ ಚೌಕಗಳಲ್ಲಿ ಅವರನ್ನು ಕುದುರೆಯ ಮೇಲೆ ಕೂರಿಸಿ, ಕೈಗೆ ಕತ್ತಿ ಕೊಟ್ಟು ನಿಲ್ಲಿಸಿದ್ದೇವೆ. 1961ರಲ್ಲಿ ಬಂದ ‘ಕಿತ್ತೂರು ಚೆನ್ನಮ್ಮ’ ಚಲನಚಿತ್ರವು ಆ ರೂಪವನ್ನು ಮನೆಮನೆಯ ಕಣ್ಣುಗಳಲ್ಲಿ ಅಚ್ಚೊತ್ತಿತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಪ್ಪತ್ತೈದು ವರ್ಷ ರಾಜ್ಯವಾಳಿದವಳೊಬ್ಬಳು ಆ ಅವಧಿಯಲ್ಲಿ ಎಷ್ಟು ದಿನ ಕುದುರೆಯ ಮೇಲಿದ್ದಿರಬಹುದು? ಉಳಿದ ದಿನಗಳಲ್ಲಿ ಆಕೆ ಏನು ಮಾಡುತ್ತಿದ್ದಳು? ಯಾರ ಹೆಸರಿನಲ್ಲಿ ಮಾಡುತ್ತಿದ್ದಳು? ಈ ಮೂರನ್ನು ಕೇಳಿದೊಡನೆ ವಿಷಯದ ಮುಖವೇ ಬೇರೆಯಾಗುತ್ತದೆ.

ವಿದ್ಯಾರ್ಥಿನಿಯ ಊರಿಗೆ ಸಮೀಪದಲ್ಲಿಯೇ ಬಿದನೂರು ಇದೆ. ಇಂದು ಅದನ್ನು ನಗರವೆನ್ನುತ್ತಾರೆ. ಕೆಳದಿಯ ಅರಸರು ತಮ್ಮ ರಾಜಧಾನಿಯನ್ನು ಕೆಳದಿಯಿಂದ ಇಕ್ಕೇರಿಗೂ, ಇಕ್ಕೇರಿಯಿಂದ ಬಿದನೂರಿಗೂ ಒಯ್ದರು. ಅಲ್ಲಿಂದ ಸುಮಾರು ಇಪ್ಪತ್ತೈದು ವರ್ಷ, 1671ರಿಂದ 1696ರವರೆಗೆ, ರಾಜ್ಯಭಾರವನ್ನು ನಡೆಸಿದವಳು ಚೆನ್ನಮ್ಮಾಜಿ. ಆಕೆ ಕೋಟೆಪುರದ ಸಿದ್ದಪ್ಪಶೆಟ್ಟಿಯ ಮಗಳು. ಅರಸುಮನೆಯಲ್ಲಿ ಹುಟ್ಟಿದವಳಲ್ಲ, ವರ್ತಕರ ಮನೆಯಲ್ಲಿ ಹುಟ್ಟಿದವಳು. ಒಂದನೆಯ ಸೋಮಶೇಖರ ನಾಯಕನ ಕೈಹಿಡಿದು ಬಿದನೂರಿಗೆ ಬಂದಳು. ಅರಸನು ಕಲಾವತಿಯೆಂಬ ನರ್ತಕಿಯ ಬಲೆಗೆ ಬಿದ್ದು, ರಾಜ್ಯಕಾರ್ಯವನ್ನು ಮರೆತು, ಬುದ್ಧಿ ಕೆಟ್ಟು, ಕೊನೆಗೆ 1671ರಲ್ಲಿ ಕೊಲೆಗೆ ಗುರಿಯಾದನು. ಮಕ್ಕಳಿರಲಿಲ್ಲ. ಬಿಜಾಪುರದ ಸೈನ್ಯ ಬಾಗಿಲಲ್ಲಿತ್ತು. ಅರಮನೆಯೊಳಗೆ ಗಾದಿಗಾಗಿ ಹವಣಿಸುವವರಿಗೆ ಕೊರತೆಯಿರಲಿಲ್ಲ.

ಇಂಥ ಹೊತ್ತಿನಲ್ಲಿ ಆಕೆ ಮೊದಲು ಮಾಡಿದ ಕಾರ್ಯ ಕತ್ತಿ ಹಿರಿಯುವುದಲ್ಲ. ಬೊಕ್ಕಸವನ್ನೂ ನಂಬಿಗಸ್ಥರನ್ನೂ ಕರೆದುಕೊಂಡು ದಟ್ಟವಾದ ಕಾಡಿನ ನಡುವಣ ಭುವನಗಿರಿ ದುರ್ಗಕ್ಕೆ ಹಿಮ್ಮೆಟ್ಟಿದಳು. ಬಿದನೂರು ಶತ್ರುಗಳ ಕೈಸೇರಿದರೂ ರಾಜ್ಯವು ಅವರ ಕೈಸೇರಲಿಲ್ಲ. ದುರ್ಗದಲ್ಲಿ ಕುಳಿತು ಸೈನ್ಯವನ್ನು ಕೂಡಿಸಿ, ಚದುರಿದ್ದ ಅಧಿಕಾರಿಗಳನ್ನು ಒಬ್ಬೊಬ್ಬರಾಗಿ ತನ್ನ ಕಡೆಗೆ ಒಲಿಸಿಕೊಂಡು, ಆ ಮೇಲೆ ಬಿದನೂರಿಗೆ ಮರಳಿದಳು. ಹಿಮ್ಮೆಟ್ಟುವುದು ಯಾವಾಗ, ಮುಂದುವರಿಯುವುದು ಯಾವಾಗ ಎಂಬ ಈ ವಿವೇಕವನ್ನು ಕಂಚಿನ ವಿಗ್ರಹದಲ್ಲಿ ಎರಕ ಹೊಯ್ಯುವುದು ಕಷ್ಟ. ಆದುದರಿಂದಲೇ ನಮ್ಮ ಶಿಲ್ಪಿಗಳು ಅದನ್ನು ಬಿಟ್ಟಿರಬೇಕು.

ಎರಡನೆಯ ಕಾರ್ಯ ದತ್ತಕ. ಬಿದನೂರಿನ ಮಾರ್ಕಪ್ಪಶೆಟ್ಟಿಯ ಮಗನಾದ ಬಸಪ್ಪನನ್ನು ದತ್ತು ತೆಗೆದುಕೊಂಡಳು. ಇಲ್ಲಿ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಸಂಗತಿಯಿದೆ. ಅಂದಿನ ಧರ್ಮಶಾಸ್ತ್ರದ ವ್ಯವಸ್ಥೆಯಲ್ಲಿಯೂ ಅರಸುಮನೆಗಳ ರೂಢಿಯಲ್ಲಿಯೂ ವಿಧವೆಯಾದ ರಾಣಿಗೆ ಸ್ವಂತ ಹಕ್ಕಿನಿಂದ ಸಿಂಹಾಸನವು ಬರುತ್ತಿರಲಿಲ್ಲ. ಗಂಡನ ಪರವಾಗಿ, ಬರಲಿರುವ ಮಗನ ಪರವಾಗಿ ಆಕೆ ರಾಜ್ಯವನ್ನು ಕಾಯಬಹುದಾಗಿತ್ತು, ಅಷ್ಟೆ. ಚೆನ್ನಮ್ಮಾಜಿಯ ಕಾಲದ ಶಾಸನಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಮೊದಲು ಕೆಳದಿ ವಂಶದ ಬಿರುದಾವಳಿ. ಅನಂತರ ಹಿಂದಿನ ನಾಯಕರ ಹೆಸರುಗಳು. ಅನಂತರ ಸೋಮಶೇಖರ ನಾಯಕನ ಧರ್ಮಪತ್ನಿಯೆಂಬ ವಿಶೇಷಣ. ಇಷ್ಟೆಲ್ಲ ಕಳೆದ ಮೇಲೆ ಚೆನ್ನಮ್ಮಾಜಿಯ ಹೆಸರು. ಸತ್ತುಹೋದ ಗಂಡನ ಹೆಸರಿನ ಹಿಂದೆ ನಿಂತು ಆಕೆ ಮಾತನಾಡುತ್ತಾಳೆ. ಆದರೆ ಭೂಮಿಯನ್ನು ಕೊಡುವವಳು ಆಕೆ, ಕಟ್ಟಳೆಯನ್ನು ವಿಧಿಸುವವಳು ಆಕೆ, ತಪ್ಪಿದವರನ್ನು ಕೇಳುವವಳು ಆಕೆ. ಹೆಸರು ಅವನದು, ಅಪ್ಪಣೆ ಇವಳದು.

ಕೆಳದಿಯ ಅರಸರು ಹೊರಡಿಸುತ್ತಿದ್ದ ಆಜ್ಞಾಪತ್ರಗಳಿಗೆ ‘ನಿರೂಪ’ ಎಂದು ಹೆಸರು. ಈ ಮನೆತನದ ಅನೇಕ ನಿರೂಪಗಳು ಶೃಂಗೇರಿ ಮಠದ ಕಡತಗಳಲ್ಲಿ ಉಳಿದುಕೊಂಡಿವೆ. ನಿರೂಪವನ್ನು ಓದುವುದು ಕಾವ್ಯವನ್ನು ಓದಿದಂತಲ್ಲ. ಗದ್ದೆ, ತೋಟ, ಸುಂಕ, ಉಂಬಳಿ, ಗಡಿಕಲ್ಲು ಇವುಗಳದೇ ವ್ಯವಹಾರ. ವಿದ್ಯಾರ್ಥಿಗಳು ಇವನ್ನು ಬಿಟ್ಟು ಕಾವ್ಯಗಳತ್ತ ಓಡುವುದು ಸಹಜ. ಆದರೆ ರಾಜ್ಯವೆಂಬುದು ದಿನದಿನವೂ ನಡೆಯುವುದು ಇಂಥ ಕಾಗದಗಳಲ್ಲಿಯೇ. ವೀರಶೈವ ಮಠಗಳಿಗೆ ಉದಾರವಾಗಿ ದತ್ತಿಗಳನ್ನು ಬಿಟ್ಟ ಮನೆತನವೇ ಶೃಂಗೇರಿಯನ್ನೂ ಪೋಷಿಸಿತೆಂಬ ಸಂಗತಿಯೂ ಈ ಕಾಗದಗಳಿಂದಲೇ ನಮಗೆ ಖಚಿತವಾಗುವುದು.

ಕೆಳದಿಯ ಸಂಪತ್ತಿನ ಮೂಲ ಘಟ್ಟದ ಮೇಲಿನ ಅಡಕೆ, ಮೆಣಸು ಮತ್ತು ಕರಾವಳಿಯ ಅಕ್ಕಿ. ಗೋವೆಯ ಪೋರ್ಚುಗೀಸರು ಅನ್ನಕ್ಕಾಗಿ ಈ ಅಕ್ಕಿಯನ್ನು ಬಹುಮಟ್ಟಿಗೆ ಅವಲಂಬಿಸಿದ್ದರು. 1678ರಲ್ಲಿ ಅವರೊಡನೆ ಆದ ಒಪ್ಪಂದವು ಚೆನ್ನಮ್ಮಾಜಿಯ ಆಳಿಕೆಯದು. ಸಮುದ್ರದ ಮೇಲೆ ಅವರ ಹಡಗುಗಳಿಗೆ ಎದುರಾಗಿ ನಿಲ್ಲುವ ಬಲ ಕೆಳದಿಗೆ ಇರಲಿಲ್ಲ. ಆದರೆ ಅಕ್ಕಿಯಿಲ್ಲದೆ ಗೋವೆಯ ಒಲೆ ಹೊತ್ತುವುದಿಲ್ಲವೆಂಬುದನ್ನು ವರ್ತಕನ ಮಗಳು ಅರಿತಿದ್ದಳು. ತಂದೆಯ ಮನೆಯ ಲೆಕ್ಕ ಅಲ್ಲಿ ಉಪಯೋಗಕ್ಕೆ ಬಂದಿರಬೇಕೆಂಬುದು ನಮ್ಮ ಊಹೆ. ಬಡಗಣ ಗಡಿಯಲ್ಲಿ ಬಿಜಾಪುರ, ತೆಂಕಣದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಸೈನ್ಯ. ಇವುಗಳ ನಡುವೆ ಆಕೆ ಕಾದಿಯೂ ಸಂಧಿ ಮಾಡಿಯೂ ರಾಜ್ಯವನ್ನು ಉಳಿಸಿದಳು. ಹುಲಿಕೆರೆಯ ಕೋಟೆಗೆ ಚೆನ್ನಗಿರಿಯೆಂಬ ಹೆಸರು ಬಂದುದು ಆಕೆಯಿಂದ.

ಎಲ್ಲರಿಗೂ ತಿಳಿದಿರುವ ಸಂಗತಿ 1689ರದು. ಸಂಭಾಜಿಯ ವಧೆಯಾದ ಮೇಲೆ ಅವನ ತಮ್ಮ ರಾಜಾರಾಮನು ಜಿಂಜಿಗೆ ಹೋಗುವ ದಾರಿಯಲ್ಲಿ ಕೆಳದಿಯ ಸೀಮೆಗೆ ಬಂದನು. ಚೆನ್ನಮ್ಮಾಜಿ ಅವನಿಗೆ ಆಶ್ರಯವಿತ್ತು ಮುಂದಕ್ಕೆ ಸಾಗಿಸಿದಳು. ಔರಂಗಜೇಬನು ಜಾನ್ ನಿಸಾರ್ ಖಾನನ ಕೈಕೆಳಗೆ ಸೈನ್ಯವನ್ನು ಕಳುಹಿಸಿದನು. ಮರಾಠರ ಸೇನಾನಿ ಸಂತಾಜಿ ಘೋರ್ಪಡೆಯ ನೆರವು ಕೆಳದಿಗೆ ಒದಗಿತು; ಕೊನೆಗೆ ಸಂಧಿಯಾಯಿತು. ಜನಪ್ರಿಯ ಬರಹಗಳಲ್ಲಿ ಇದು ಮೊಗಲರ ಮೇಲಿನ ಪೂರ್ಣ ವಿಜಯವಾಗಿ ವರ್ಣಿತವಾಗಿದೆ. ರಾಣಿಯು ಕೆಲವಂಶ ದಂಡವನ್ನು ಒಪ್ಪಿಕೊಂಡಳೆಂಬುದು ಸತ್ಯಕ್ಕೆ ಹೆಚ್ಚು ಹತ್ತಿರವಾಗಿ ತೋರುತ್ತದೆ. ಹಾಗೆಂದಮಾತ್ರಕ್ಕೆ ಆಕೆಯ ಘನತೆಗೆ ಕುಂದೆಂದು ನಾವು ಭಾವಿಸುವುದಿಲ್ಲ. ಬಿಜಾಪುರವು 1686ರಲ್ಲಿಯೂ ಗೋಲ್ಕೊಂಡವು 1687ರಲ್ಲಿಯೂ ಮೊಗಲರಿಗೆ ಶರಣಾಗಿ ಅಳಿದುಹೋಗಿದ್ದವು. ಆ ಎರಡು ದೊಡ್ಡ ರಾಜ್ಯಗಳು ಉಳಿಯದಿದ್ದ ಬಿರುಗಾಳಿಯಲ್ಲಿ ಮಲೆನಾಡಿನ ಈ ಸಣ್ಣ ರಾಜ್ಯ ಉಳಿಯಿತು. ಶರಣು ಬಂದವನನ್ನು ಒಪ್ಪಿಸಲಿಲ್ಲ, ರಾಜ್ಯವನ್ನೂ ಕಳೆದುಕೊಳ್ಳಲಿಲ್ಲ. ಎರಡನ್ನೂ ಸಾಧಿಸುವುದಕ್ಕೆ ಸ್ವಲ್ಪ ಹಣ ತೆತ್ತಳಾದರೆ ಅದು ಕಡಿಮೆ ಬೆಲೆಯೆಂದೇ ಹೇಳಬೇಕು.

ಆಕೆ ಬೆಳೆಸಿದ ದತ್ತುಪುತ್ರನೇ ಮುಂದೆ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ಮಹಾಗ್ರಂಥವನ್ನು ರಚಿಸಿದ ಬಸವಪ್ಪ ನಾಯಕ. ಒಂಬತ್ತು ಕಲ್ಲೋಲ, 108 ತರಂಗಗಳ ಆ ಗ್ರಂಥದಲ್ಲಿ ಭೂಗೋಳದಿಂದ ಪಾಕಶಾಸ್ತ್ರದವರೆಗೆ ಇಲ್ಲದ ವಿಷಯವಿಲ್ಲ. ರಾಜನೀತಿಗೂ ಅಲ್ಲಿ ವಿಸ್ತಾರವಾದ ಸ್ಥಾನವಿದೆ. ರಾಜನೀತಿಯನ್ನು ಆತ ಪಂಡಿತರಿಂದ ಕಲಿತಿರಬಹುದು. ಆದರೆ ಬಾಲ್ಯದಿಂದ ಆತ ಕಣ್ಣಾರೆ ಕಂಡ ಅರಸುತನ ಒಂದೇ, ಅದು ತಾಯಿಯದು. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ದಲ್ಲಿಯೂ ಚೆನ್ನಮ್ಮಾಜಿಯು ನೃಪರ ಸಾಲಿನಲ್ಲಿಯೇ ನಿಲ್ಲುತ್ತಾಳೆ.

ಅದೇ ಮನೆತನದಲ್ಲಿ, ಸರಿಸುಮಾರು ಎಪ್ಪತ್ತು ವರ್ಷಗಳ ಬಳಿಕ, ವೀರಮ್ಮಾಜಿಯ ಕಥೆ ಬೇರೆಯಾಯಿತು. ಆಕೆಯೂ ವಿಧವೆ, ಆಕೆಯೂ ದತ್ತುಮಗನ ಹೆಸರಿನಲ್ಲಿ ಆಳಿದಳು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದನು. ರಾಣಿಯನ್ನು ಮಧುಗಿರಿಯ ಕೋಟೆಯಲ್ಲಿ ಸೆರೆಯಿಟ್ಟರು. 1767ರಲ್ಲಿ ಮರಾಠರು ಬಿಡಿಸಿದರು, ಪುಣೆಯ ದಾರಿಯಲ್ಲಿಯೇ ತೀರಿಕೊಂಡಳು. ಸೋತ ಅರಸನಿಗೆ ಇತಿಹಾಸಕಾರರು ಸೈನ್ಯ ಸಾಲಲಿಲ್ಲ, ಮಂತ್ರಿಗಳು ಮೋಸ ಮಾಡಿದರು ಎಂದು ಕಾರಣ ಹುಡುಕುತ್ತಾರೆ. ವೀರಮ್ಮಾಜಿಯ ಸೋಲಿಗೆ ಆಕೆಯ ಶೀಲವನ್ನು ಕಾರಣವಾಗಿ ಮಾಡಿದರು. ಅಂಥ ಮಾತುಗಳಲ್ಲಿ ಎಷ್ಟು ಗೆದ್ದವರ ಪಾಳೆಯದಲ್ಲಿ ಹುಟ್ಟಿದ್ದು ಎಂದು ಯಾರೂ ಹೆಚ್ಚಾಗಿ ವಿಚಾರಿಸಿಲ್ಲ. ರಾಜಕೀಯಕ್ಕೆ ಹೋಗಬೇಕೆನ್ನುವ ಹೆಣ್ಣುಮಗಳು ಚೆನ್ನಮ್ಮಾಜಿಯ ಜತೆಗೆ ವೀರಮ್ಮಾಜಿಯನ್ನೂ ಓದಲೇಬೇಕೆಂದು ನಾವು ವಿದ್ಯಾರ್ಥಿನಿಗೆ ಹೇಳಿದೆವು.

ಘಟ್ಟದ ಕೆಳಗೆ ವ್ಯವಸ್ಥೆಯೇ ಬೇರೆ. ಉಳ್ಳಾಲದ ಚೌಟರು ಜೈನರು, ಅಳಿಯಸಂತಾನದವರು. ಅಲ್ಲಿ ಅಧಿಕಾರ ತಾಯಿಯ ಸಂತತಿಯಲ್ಲಿ ಇಳಿಯುವುದರಿಂದ ರಾಣಿಯು ಗಂಡನ ಹೆಸರನ್ನು ಆಶ್ರಯಿಸಬೇಕಾಗಿರಲಿಲ್ಲ. 1623ರಲ್ಲಿ ಪಿಯೆತ್ರೊ ಡೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನವನ್ನು ನೋಡಿಕೊಂಡು ಘಟ್ಟವಿಳಿದು ಉಳ್ಳಾಲದ ರಾಣಿಯನ್ನು ಕಾಣಲು ಹೋದನು. ಸಿಂಹಾಸನದ ಮೇಲೆ ಆಕೆಯನ್ನು ನಿರೀಕ್ಷಿಸಿದ್ದವನಿಗೆ ಆಕೆ ಎದುರಾದದ್ದು ದಾರಿಯಲ್ಲಿ. ಬರಿಗಾಲಿನಲ್ಲಿ, ಸಾದಾ ಬಟ್ಟೆಯಲ್ಲಿ, ತಾನು ಮಾಡಿಸುತ್ತಿದ್ದ ನೆಲ ಅಗೆತದ ಕೆಲಸವನ್ನು ನೋಡಿಕೊಂಡು ಬರುತ್ತಿದ್ದಳು. ನೋಡಿದರೆ ರಾಣಿಯಂತೆ ತೋರುವುದಿಲ್ಲ, ಮಾತನಾಡಿದರೆ ವಿವೇಕವುಳ್ಳವಳೆಂದು ತಿಳಿಯುತ್ತದೆ ಎಂಬರ್ಥದಲ್ಲಿ ಆತ ಬರೆದುಕೊಂಡಿದ್ದಾನೆ. ಕನ್ನಡ ಕರಾವಳಿಯ ಒಬ್ಬ ರಾಣಿಯನ್ನು ಕಣ್ಣಾರೆ ಕಂಡವನ ಬರಹದಲ್ಲಿ ಕತ್ತಿಯಿಲ್ಲ, ಕುದುರೆಯಿಲ್ಲ, ಕೆಲಸದ ಜಾಗವಿದೆ.

ಇನ್ನು ಕಿತ್ತೂರು. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ತೀರಿಕೊಂಡಾಗ ಎದ್ದ ವಿವಾದದ ಮೂಲವೇ ಒಂದು ಸಹಿ. ಸಾಯುವ ಮುನ್ನ ಆತ ದತ್ತಕವನ್ನು ತಿಳಿಸಿ ಬರೆದನೆಂಬ ಪತ್ರದ ಮೇಲಿನ ರುಜು ನಿಜವಾದುದೇ ಎಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಸಂಶಯಪಟ್ಟನು. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಚೆನ್ನಮ್ಮನು ಆ ದೇಸಾಯಿಯ ಹೆಂಡತಿಯಲ್ಲ. ಅವನ ತಂದೆ ಮಲ್ಲಸರ್ಜನ ಹೆಂಡತಿ, ಅಂದರೆ ಮಲತಾಯಿ. ತೀರಿಕೊಂಡವನಿಗೆ ವೀರವ್ವನೆಂಬ ಪತ್ನಿಯಿದ್ದಳು. ಹೆಸರಿನ ಲೆಕ್ಕದಲ್ಲಿ ದತ್ತುಮಗುವಿನ ತಾಯಿ ವೀರವ್ವ. ಆದರೆ ಸಂಸ್ಥಾನದ ಸರದಾರರಾಗಲಿ, ಸೈನಿಕರಾಗಲಿ, ರೈತರಾಗಲಿ ಯಾರ ಮಾತಿಗಾಗಿ ಕಾದರೆಂಬುದು ನಮಗೆಲ್ಲ ತಿಳಿದಿದೆ. ಆಕೆ ಮೊದಲು ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್ನನವರೆಗೆ ಪತ್ರಗಳನ್ನು ಬರೆದು ನ್ಯಾಯ ಕೇಳಿದಳು. ಪತ್ರಗಳು ವ್ಯರ್ಥವಾದ ಮೇಲೆಯೇ 1824ರ ಅಕ್ಟೋಬರ್ 23ರ ಕಾಳಗ ನಡೆದು ಥ್ಯಾಕರೆ ಸತ್ತದ್ದು. ಡಿಸೆಂಬರಿನಲ್ಲಿ ಕೋಟೆ ಬಿತ್ತು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಆಕೆ ದೇಹವಿಟ್ಟಳು. ಶಾಸ್ತ್ರವೂ ಕಾಯಿದೆಯೂ ಕೊಡದ ನಾಯಕತ್ವವನ್ನು ಜನರು ಆಕೆಗೆ ಕೊಟ್ಟಿದ್ದರು. ಅಂದು ಅದನ್ನು ಎಣಿಸುವುದಕ್ಕೆ ಮತಪೆಟ್ಟಿಗೆ ಇರಲಿಲ್ಲ.

ಮತಪೆಟ್ಟಿಗೆ ಬಂದಾಗ ಅದರ ಎದುರು ಹೆಣ್ಣುಮಗಳೊಬ್ಬಳು ತನ್ನ ಹೆಸರಿನಲ್ಲಿ ನಿಂತ ಮೊದಲ ಪ್ರಸಂಗಗಳಲ್ಲೊಂದು ಕನ್ನಡ ಕರಾವಳಿಗೇ ಸಂಬಂಧಿಸಿದೆ. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸು ವಿಧಾನ ಪರಿಷತ್ತಿಗೆ ಸ್ಪರ್ಧಿಸಿ ಸ್ವಲ್ಪದರಲ್ಲಿ ಸೋತರು. ಇವರೂ ಎಳೆಯ ವಯಸ್ಸಿನಲ್ಲಿ ವೈಧವ್ಯವನ್ನು ಕಂಡವರೇ. ಆದರೆ ಇವರ ಸ್ಪರ್ಧೆಗೆ ವೈಧವ್ಯವು ಅರ್ಹತೆಯಾಗಿರಲಿಲ್ಲ, ದತ್ತಕವೂ ಬೇಕಾಗಿರಲಿಲ್ಲ. ಇತಿಹಾಸದಲ್ಲಿ ಇದು ಹೊಸದು.

ಸ್ವಾತಂತ್ರ್ಯಾನಂತರದ ಉದಾಹರಣೆಗಳಲ್ಲಿ ಗುಂಡ್ಲುಪೇಟೆಯ ಕೆ. ಎಸ್. ನಾಗರತ್ನಮ್ಮನವರದು ವಿಶೇಷವಾಗಿ ಅಭ್ಯಾಸಯೋಗ್ಯವೆಂದು ನಮ್ಮ ಅಭಿಪ್ರಾಯ. 1957ರಲ್ಲಿ ಪಕ್ಷೇತರರಾಗಿ ನಿಂತು ಗೆದ್ದ ಅವರು ಒಟ್ಟು ಏಳು ಬಾರಿ ಅದೇ ಕ್ಷೇತ್ರದಿಂದ ಆರಿಸಿಬಂದರು. 1972ರಿಂದ 1978ರವರೆಗೆ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದರು. ಆ ಪೀಠವನ್ನು ಅಲಂಕರಿಸಿದ ಮೊದಲ ಮಹಿಳೆ. ಮುಂದೆ ಪ್ರತಿಪಕ್ಷದ ನಾಯಕಿಯೂ ಆದರು. ಸಭಾಧ್ಯಕ್ಷರ ಕೆಲಸದಲ್ಲಿ ಇನ್ನೊಬ್ಬರ ಹೆಸರಿನ ಹಿಂದೆ ನಿಲ್ಲುವುದಕ್ಕೆ ಅವಕಾಶವೇ ಇಲ್ಲ. ಸದನದಲ್ಲಿ ಗದ್ದಲವೆದ್ದಾಗ ನಿರ್ಣಯವನ್ನು ಆ ಕ್ಷಣದಲ್ಲಿಯೇ, ಎಲ್ಲರ ಎದುರಿನಲ್ಲಿಯೇ, ಸ್ವಂತ ಬಾಯಿಂದಲೇ ಕೊಡಬೇಕು. 2023ರ ವಿಧಾನಸಭೆಯು ತನ್ನ ಸಭಾಧ್ಯಕ್ಷರನ್ನು ಆರಿಸುವವರೆಗೂ ಮತ್ತೊಬ್ಬ ಮಹಿಳೆಗೆ ಆ ಪೀಠ ದೊರೆಯಲಿಲ್ಲ. ಅದೇ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಗೆದ್ದ ಮಹಿಳೆಯರು 10 ಮಂದಿ.

ಹಳ್ಳಿಯ ಮಟ್ಟದಲ್ಲಿ ಸಂಖ್ಯೆ ಹೀಗಿಲ್ಲ. ಮಂಡಲ ಪಂಚಾಯತಿ ಹಾಗೂ ಜಿಲ್ಲಾ ಪರಿಷತ್ತುಗಳಿಗಾಗಿ 1983ರಲ್ಲಿ ರಚಿತವಾದ ಕಾಯಿದೆಯು ಮಹಿಳೆಯರಿಗೆ ಶೇಕಡಾ 25 ಸ್ಥಾನಗಳನ್ನು ಕಾದಿರಿಸಿತು; ಅದರಂತೆ 1987ರಲ್ಲಿ ಚುನಾವಣೆ ನಡೆಯಿತು. ಸಂವಿಧಾನದ 73ನೆಯ ತಿದ್ದುಪಡಿಗಿಂತ ಮುಂಚೆಯೇ ಕರ್ನಾಟಕವು ಇಟ್ಟ ಹೆಜ್ಜೆ ಇದು. 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲಿ ಅದು ಮೂರನೆಯ ಒಂದು ಭಾಗವಾಯಿತು, 2010ರಲ್ಲಿ ಅರ್ಧಕ್ಕೇರಿತು. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೆಯ ಒಂದು ಭಾಗವನ್ನು ಕಾದಿರಿಸುವ 106ನೆಯ ತಿದ್ದುಪಡಿಯು 2023ರಲ್ಲಿ ಅಂಗೀಕೃತವಾದರೂ, ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆ ಆದ ಮೇಲೆಯೇ ಜಾರಿಗೆ ಬರಬೇಕೆಂಬ ಷರತ್ತನ್ನು ಅದರೊಳಗೆ ಸೇರಿಸಲಾಯಿತು. ಕಾಯಿದೆಯು ಮಾಡಬಹುದಾದ ದೊಡ್ಡ ಉಪಕಾರ ಇದು: ಫಲಕದ ಮೇಲೆ ಹೆಣ್ಣಿನ ಹೆಸರನ್ನು ಬರೆಯಿಸಿತು.

ವಿದ್ಯಾರ್ಥಿನಿ ತನ್ನ ಪ್ರಶ್ನೆಯನ್ನು ಇಟ್ಟಲ್ಲಿಗೆ ನಾವು ಇಲ್ಲಿ ಮರಳುತ್ತೇವೆ. ಬಿದನೂರಿನಲ್ಲಿ ಹೆಸರು ಗಂಡನದು, ಅಪ್ಪಣೆ ಹೆಂಡತಿಯದು. ಮುನ್ನೂರು ವರ್ಷಗಳ ಬಳಿಕ, ಅಲ್ಲಿಂದ ಬಹುದೂರವಲ್ಲದ ಒಂದು ಪಂಚಾಯತಿಯಲ್ಲಿ ಹೆಸರು ಹೆಂಡತಿಯದು, ಅಪ್ಪಣೆ ಗಂಡನದು. ಕಾಯಿದೆಯ ಬೆಂಬಲವಿಲ್ಲದೆ ಚೆನ್ನಮ್ಮಾಜಿ ನಡೆಸಿದ್ದನ್ನು, ಕಾಯಿದೆಯ ಬೆಂಬಲವಿದ್ದೂ ಆ ಚಿಕ್ಕಮ್ಮ ಏಕೆ ನಡೆಸಲಾಗಲಿಲ್ಲ? ಚಿಕ್ಕಮ್ಮನಿಗೆ ಧೈರ್ಯ ಸಾಲಲಿಲ್ಲವೆಂದು ಹೇಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಚೆನ್ನಮ್ಮಾಜಿಯು ಗಾದಿಗೆ ಬರುವ ಮುನ್ನ ಅರಮನೆಯಲ್ಲಿದ್ದು, ಯಾವ ಅಧಿಕಾರಿ ನಂಬಿಗಸ್ಥ, ಯಾವ ಸೀಮೆಯ ಹುಟ್ಟುವಳಿ ಎಷ್ಟು, ಯಾರಿಗೆ ಯಾರ ಮೇಲೆ ಅಸೂಯೆ ಎಂಬುದನ್ನೆಲ್ಲ ನೋಡಿದ್ದಳು. ಅರಸನು ಕೆಟ್ಟ ದಿನಗಳಲ್ಲಿ ರಾಜ್ಯದ ಚಿಂತೆ ಆಕೆಯ ಪಾಲಿಗೆ ಬಂದಿತ್ತು. ಅದೇ ಆಕೆಯ ಪಾಠಶಾಲೆ. ಪಂಚಾಯತಿಗೆ ಆರಿಸಿಬಂದ ಗೃಹಿಣಿಯ ಮುಂದೆ ಒಂದು ಬೆಳಿಗ್ಗೆ ಆಯವ್ಯಯದ ಪಟ್ಟಿಯನ್ನಿಟ್ಟು ಸಹಿ ಹಾಕೆಂದರೆ ಆಕೆ ಪಕ್ಕದಲ್ಲಿ ನಿಂತವನ ಮುಖ ನೋಡದೆ ಏನು ಮಾಡಿಯಾಳು?

ನಾವು ಈ ಮಾತನ್ನು ಹೇಳಿದಾಗ ವಿದ್ಯಾರ್ಥಿನಿ ಒಪ್ಪಲಿಲ್ಲ. “ಚಿಕ್ಕಮ್ಮನಿಗೆ ಲೆಕ್ಕ ಗೊತ್ತಿತ್ತು, ಸರ್. ಅಡಕೆ ಮಂಡಿಯ ವ್ಯವಹಾರವನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಸಭೆಗೆ ಹೋಗಬೇಡವೆಂದು ಹೇಳಿದವರಿದ್ದರು, ಅಷ್ಟೆ” ಎಂದಳು. ನಮ್ಮ ವಾದದಲ್ಲಿ ಆಕೆ ಹಿಡಿದ ಈ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಚೆನ್ನಮ್ಮಾಜಿಗೆ ಸಭೆಗೆ ಹೋಗಬೇಡವೆನ್ನುವವನು ಉಳಿದಿರಲಿಲ್ಲವೆಂಬ ಕಹಿ ಸಂಗತಿಯನ್ನು ನಾವು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ನಮ್ಮ ಪ್ರಸಿದ್ಧ ರಾಣಿಯರಲ್ಲಿ ಹೆಚ್ಚಿನವರು ವಿಧವೆಯರಾಗಿರುವುದು ಆಕಸ್ಮಿಕವಲ್ಲ.

ತಲೆಬರಹ ಬದಲಾಯಿತು. ‘ಕೆಳದಿ ಸಂಸ್ಥಾನದಲ್ಲಿ ರಾಣಿಯರ ಆಡಳಿತ: ಶಾಸನ ಮತ್ತು ನಿರೂಪಗಳ ಆಧಾರದಿಂದ’ ಎಂದು ಬರೆದುಕೊಂಡು ಹೋದಳು. ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಎರಡು ಬಾರಿ, ನಗರದ ಕೋಟೆಗೆ ಎಷ್ಟೋ ಬಾರಿ ಹೋಗಿಬಂದಳು. ಮೊದಲ ಅಧ್ಯಾಯವನ್ನು ತಂದು ತೋರಿಸಿದ ದಿನ ಆಕೆಯ ಚೀಲದಲ್ಲಿ ಇನ್ನೊಂದು ಟಿಪ್ಪಣಿ ಪುಸ್ತಕವಿತ್ತು. ಚಿಕ್ಕಮ್ಮನ ಅವಧಿಯ ಪಂಚಾಯತಿ ನಡಾವಳಿಯನ್ನು ಕೇಳಿ ಪಡೆದು, ನಿರ್ಣಯ ನಿರ್ಣಯವಾಗಿ ನಕಲು ಮಾಡಿಕೊಂಡಿದ್ದಳು. ಸೂಚಕರು ಯಾರು, ಅನುಮೋದಕರು ಯಾರು ಎಂದು ಎರಡು ಕಲಮುಗಳನ್ನು ಎಳೆದು, ಹೆಣ್ಣುಮಕ್ಕಳ ಹೆಸರು ಬಂದಲ್ಲೆಲ್ಲ ಕೆಂಪು ಶಾಯಿಯಿಂದ ಗುರುತಿಟ್ಟಿದ್ದಳು. ಮೊದಲ ಪುಟಗಳಲ್ಲಿ ಕೆಂಪು ಗುರುತು ಒಂದೂ ಇರಲಿಲ್ಲ. ಮೂರನೆಯ ವರ್ಷದಲ್ಲಿ, ಕುಡಿಯುವ ನೀರಿನ ಬಾವಿಗೆ ಸಂಬಂಧಿಸಿದ ಒಂದು ನಿರ್ಣಯದ ಎದುರಿಗೆ ಒಂದು ಇತ್ತು. “ಇದನ್ನು ಮಂಡಿಸಿದ ದಿನ ಚಿಕ್ಕಪ್ಪ ಊರಲ್ಲಿರಲಿಲ್ಲವಂತೆ” ಎಂದು ನಕ್ಕಳು. ಅಲ್ಲಿಂದ ಮುಂದಿನ ಪುಟಗಳನ್ನು ಇನ್ನೂ ನಕಲು ಮಾಡಬೇಕಾಗಿದೆಯೆಂದು ಹೇಳಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು.